ಕಡ್ಡಿಯ ಮೇಲೆ ಉಳಿದ ಕಾರ್ಡು

ಗುಮ್ಮಳಾಪುರ ವೆಂಕಟರಮಣಪ್ಪ ಅಕ್ಕಯಮ್ಮ. ತೀರಿಕೊಂಡಾಗ ವಯಸ್ಸು ಐವತ್ತನಾಲ್ಕು. ತಂದೆ ವೆಂಕಟರಮಣಪ್ಪ ಗುಮ್ಮಳಾಪುರದಲ್ಲಿ ಎರಡು ಎಕರೆ ಹೊಲ ಉಳುತ್ತಿದ್ದವರು, ತಾಯಿ ಮುನಿವೆಂಕಟಮ್ಮ. ಗಂಡ ಶ್ಯಾಮಣ್ಣ ಟೆಲಿಫೋನ್ ಇಲಾಖೆಯ ಲೈನ್‌ಮನ್. ಒಂದು ಮಳೆಗಾಲದ ಬೆಳಿಗ್ಗೆ ಕಂಬದಿಂದ ಬಿದ್ದು ತೀರಿಹೋದರು. ಮಕ್ಕಳಿರಲಿಲ್ಲ. ಅತ್ತೆ ಚಿಕ್ಕತಾಯಮ್ಮ ತಮ್ಮ ಕೊನೆಯ ದಿನದವರೆಗೆ ಸೊಸೆಯ ಜೊತೆಗಿದ್ದರು, ಕೊನೆಯ ದಿನದವರೆಗೂ ಅವರನ್ನು ಬೈಯುತ್ತಿದ್ದರು.

ಗಂಡ ಸತ್ತ ಮೇಲೆ ಅದೇ ಇಲಾಖೆ ಅಕ್ಕಯಮ್ಮನವರಿಗೆ ಆಪರೇಟರ್ ಕೆಲಸ ಕೊಟ್ಟಿತು. ಬೆಂಗಳೂರಿನಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಬಂದು ಹೊಸೂರಿನ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತರು. ಆಗ ಊರಿನ ಫೋನುಗಳೆಲ್ಲ ಆ ಬೋರ್ಡಿಗೆ ಬಂದು ಸೇರುತ್ತಿದ್ದವು. ಯಾರಾದರೂ ರಿಸೀವರ್ ಎತ್ತಿದರೆ ಅವರ ನಂಬರಿನ ಮೇಲೊಂದು ಪುಟ್ಟ ದೀಪ ಹತ್ತುತ್ತಿತ್ತು. ಆಪರೇಟರ್ ಪ್ಲಗ್ಗು ಚುಚ್ಚಿ ಯಾವ ನಂಬರು ಎಂದು ಕೇಳಿ, ಇನ್ನೊಂದು ಪ್ಲಗ್ಗನ್ನು ಆ ನಂಬರಿಗೆ ಚುಚ್ಚಿದರೆ ಮಾತು ಹರಿಯುತ್ತಿತ್ತು. ಅಲ್ಲಿಂದ ಮುಂದೆ ಆಪರೇಟರಿಗೆ ಕಿವಿಯಿಲ್ಲ. ಇಬ್ಬರು ಮಾತಾಡುವಾಗ ನಡುವೆ ಕೇಳಬಾರದು ಎಂಬ ನಿಯಮವನ್ನು ಅಕ್ಕಯಮ್ಮ ಇಪ್ಪತ್ತೆರಡು ವರ್ಷ ಮುರಿಯಲಿಲ್ಲ. ಒಬ್ಬನ ಕೆಟ್ಟ ಕೆಲಸವನ್ನು ಪತ್ತೆ ಹಚ್ಚಲು ಹೊರಟ ದಿನವೂ ಮುರಿಯಲಿಲ್ಲ.

ಆ ಕೆಟ್ಟ ಕೆಲಸ ಆರಂಭವಾದದ್ದು ೧೯೭೮ರ ಅಕ್ಟೋಬರಿನಲ್ಲಿ.

ಆಲಸನತ್ತಂ ರಸ್ತೆಯಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿತ್ತು; ಫೋನ್ ನಂಬರು ಎಂಬತ್ತನಾಲ್ಕು. ಅಲ್ಲಿನ ನರ್ಸ್ ಇಂದ್ರಮ್ಮನಿಗೆ ಇಪ್ಪತ್ತಮೂರು ವರ್ಷ. ಹಗಲು ಫೋನ್ ಎತ್ತುವುದು ಅವಳ ಪಾಲಿನ ಕೆಲಸ. ಒಂದು ಮಧ್ಯಾಹ್ನ ಅವಳು ಎಕ್ಸ್‌ಚೇಂಜಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಟಿಫನ್ ಡಬ್ಬಿ.

"ಅಕ್ಕ, ಒಬ್ಬ ಫೋನ್ ಮಾಡ್ತಾನೆ," ಅಂದಳು. "ವಾರಕ್ಕೆ ಎರಡು ಸಲ, ಮೂರು ಸಲ. ಬಾಯಿಗೆ ಬಟ್ಟೆ ಇಟ್ಕೊಂಡು ಮಾತಾಡ್ತಾನೆ. ಒಂದಿನ ತಮಿಳು, ಒಂದಿನ ಕನ್ನಡ."

"ಏನಂತಾನೆ?"

ಇಂದ್ರಮ್ಮ ಗೋಡೆ ನೋಡಿದಳು. "ಅದನ್ನ ನನ್ನ ಬಾಯಲ್ಲಿ ಹೇಳಿಸ್ಬ್ಯಾಡ್ರಿ. ನಾನು ಬಸ್ಸಿಳಿಯುವಾಗ ಯಾವ ಸೀರೆ ಉಟ್ಟಿದ್ದೆ ಅಂತ ಹೇಳ್ತಾನೆ. ಮೊನ್ನೆ ಅಂದ, ನಿನ್ನ ಮುಖ ಇಷ್ಟು ಚೆನ್ನಾಗಿ ಎಷ್ಟು ದಿನ ಇರ್ತದೋ ನೋಡೋಣ ಅಂತ."

"ಎತ್ತದೆ ಇಟ್ಬಿಡು."

"ಹೆರಿಗೆ ನೋವು ಬಂದೋರೂ ಅದೇ ನಂಬರಿಗೆ ಮಾಡ್ತಾರಕ್ಕ. ಎತ್ತದೆ ಹೆಂಗಿರ್ಲಿ?"

ಅಕ್ಕಯಮ್ಮ ತಮ್ಮ ಬೋರ್ಡಿನ ಕಡೆ ನೋಡಿದರು. ಆ ಕರೆಯನ್ನು ಜೋಡಿಸಿಕೊಟ್ಟದ್ದು ತಮ್ಮದೇ ಕೈ. ಆ ಯೋಚನೆ ಬಂದ ಕೂಡಲೇ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

ಇಂದ್ರಮ್ಮನ ಅಪ್ಪನಿಗೆ ವಿಷಯ ತಿಳಿದುಹೋಗಿತ್ತು. ಪೊಲೀಸರ ಹತ್ತಿರ ಹೋಗಲು ಆತ ಒಪ್ಪಲಿಲ್ಲ. ಮಗಳ ಹೆಸರು ಠಾಣೆಯ ಪುಸ್ತಕ ಸೇರುವುದು ಬೇಡವೆಂದ. ನವೆಂಬರ್ ಮುಗಿಯುವುದರೊಳಗೆ ಇದು ನಿಲ್ಲದಿದ್ದರೆ ಕೆಲಸ ಬಿಡಿಸಿ ಊರಿಗೆ ಕರೆದೊಯ್ದು, ನಲವತ್ತು ದಾಟಿದ ಸೋದರಮಾವನ ಕೈಗೆ ಕೊಡುವುದೆಂದು ನಿಶ್ಚಯಿಸಿದ್ದ. ತನ್ನ ಊರಿನಿಂದ ಮೊದಲ ನರ್ಸ್ ಆಗಿ ಬಂದ ಹುಡುಗಿ ಯಾವನೋ ಒಬ್ಬನ ಬಾಯಿಗೆ ಹೆದರಿ ಒಲೆ ಮುಂದೆ ಕೂರಬೇಕಾದ ದಿನ ಹತ್ತಿರ ಬರುತ್ತಿತ್ತು.

ಅಕ್ಕಯಮ್ಮ ಅವಳಿಗೊಂದು ಉಪಾಯ ಹೇಳಿಕೊಟ್ಟರು. ಅವನು ಮಾತಾಡಲು ತೊಡಗಿದ ಕೂಡಲೇ ಫೋನಿನಲ್ಲಿ ರಿಸೀವರ್ ಇಡುವ ಕೊಕ್ಕೆಯನ್ನು ಎರಡು ಸಲ ಒತ್ತಬೇಕು. ಆಗ ಬೋರ್ಡಿನಲ್ಲಿ ದೀಪ ಎರಡು ಸಲ ಮಿಟುಕುತ್ತದೆ. ಕಿವಿ ಇಡದೆಯೇ, ಆ ಕರೆ ಅವನದು ಎಂದು ಗೊತ್ತಾಗುತ್ತದೆ. ದಿನ, ಗಂಟೆ, ನಿಮಿಷ, ಎಲ್ಲಿಂದ ಬಂತು ಎಂಬುದನ್ನು ಮಾತ್ರ ಬರೆದಿಡಬಹುದು.

ಎಕ್ಸ್‌ಚೇಂಜಿನ ಸೂಪರ್‌ವೈಸರ್ ನಾರಾಯಣಪ್ಪ ನಿಯಮದ ಮನುಷ್ಯ. "ಅಕ್ಕಯಮ್ಮನೋರೇ, ಯಾರು ಯಾರಿಗೆ ಮಾತಾಡಿದ್ರು ಅಂತ ಬರ್ಕೊಳ್ಳೋದೂ ತಪ್ಪೇ," ಎಂದರು.

"ಅವಳ ಫೋನಿಗೆ ಬಂದದ್ದನ್ನ ಅವಳೇ ಬರೆಸ್ತಾ ಅವಳೆ ಸಾರ್. ದೂರಿನ ಪುಸ್ತಕದಲ್ಲಿ ಅವಳ ಸಹಿ ಐತೆ. ಬೇರೆ ಒಂದು ನಂಬರೂ ನಾನು ಬರೆಯೋದಿಲ್ಲ."

ನಾರಾಯಣಪ್ಪ ಸಹಿಯನ್ನು ಎರಡು ಸಲ ನೋಡಿ ಪುಸ್ತಕ ಮುಚ್ಚಿದರು.

ನವೆಂಬರ್ ಹದಿನೈದರ ಹೊತ್ತಿಗೆ ಹನ್ನೊಂದು ಕರೆಗಳು ಕಾಗದಕ್ಕೆ ಬಿದ್ದಿದ್ದವು. ಹನ್ನೊಂದೂ ಹಗಲಿನವು; ಹನ್ನೊಂದೂ ಹೊಸ ಕೈಗಾರಿಕಾ ಬಡಾವಣೆಯ ಒಂದೇ ಕಾರ್ಖಾನೆಯಿಂದ ಬಂದವು. ಆ ಕಾರ್ಖಾನೆಗೆ ಐದು ಲೈನು. ಒಳಗೆ ನಲವತ್ತು ಫೋನು. ಯಾರು ಬೇಕಾದರೂ ಸೊನ್ನೆ ತಿರುಗಿಸಿದರೆ ಐದರಲ್ಲಿ ಬಿಡುವಾಗಿದ್ದ ಒಂದು ಲೈನು ಹೊರಗೆ ತೆರೆದುಕೊಳ್ಳುತ್ತಿತ್ತು. ಬೋರ್ಡಿನ ಮುಂದೆ ಕೂತವರಿಗೆ ಕಾರ್ಖಾನೆಯ ದೀಪ ಕಾಣುತ್ತಿತ್ತೇ ಹೊರತು ಅದರ ಹಿಂದಿನ ಕೋಣೆ ಕಾಣುತ್ತಿರಲಿಲ್ಲ. "ಎಣ್ಬತ್ತಿ ನಾಲು," ಎಂದು ತಮಿಳಿನಲ್ಲಿ ನಂಬರು ಕೇಳುವ ಒಂದು ದಪ್ಪ ಧ್ವನಿ, ಅಷ್ಟೇ. ಆ ಕಾರ್ಖಾನೆಯಿಂದ ಅದೇ ನಂಬರಿಗೆ ಹೆಂಡತಿಯರ ಹೆರಿಗೆಯ ಸುದ್ದಿ ಕೇಳುವವರೂ ಇದ್ದುದರಿಂದ ಕೊಡುವುದಿಲ್ಲ ಎನ್ನುವಂತೆಯೂ ಇರಲಿಲ್ಲ.

ರಜೆ ಹಾಕಿ ಅಕ್ಕಯಮ್ಮ ಕಾರ್ಖಾನೆಯ ಮ್ಯಾನೇಜರನ್ನು ಕಂಡರು. ಆತ ಮದರಾಸಿನವನು, ಮರ್ಯಾದಸ್ಥ. ಎಲ್ಲ ಕೇಳಿ ತಮಿಳಿನಲ್ಲೇ ಹೇಳಿದ: "ಅಮ್ಮಾ, ನಲವತ್ತು ಫೋನು. ಕರೆ ಬಂದಾಗ ನಾನು ಯಾವ ಬಾಗಿಲು ತಟ್ಟಲಿ? ಒಂದು ಹೆಸರು ತನ್ನಿ. ಹಾಜರಿ ನೋಡಬೇಕಾದರೆ ಟೈಮ್ ಆಫೀಸಿನಲ್ಲಿ ಜಯರಾಮಯ್ಯ ತೋರಿಸುತ್ತಾನೆ."

ಗೇಟಿನ ಪಕ್ಕದ ಟೈಮ್ ಆಫೀಸು ಸಣ್ಣ ಕೋಣೆ. ಗೋಡೆಯಲ್ಲಿ ಗಡಿಯಾರ, ಅದರ ಕೆಳಗಿನ ಸೀಳಿನಲ್ಲಿ ಕೆಲಸಗಾರ ತನ್ನ ಕಾರ್ಡು ಇಟ್ಟು ಒತ್ತಿದರೆ ಬಂದ ಹೊತ್ತು, ಹೋದ ಹೊತ್ತು ಅಚ್ಚಾಗುತ್ತಿತ್ತು. ಗುಮಾಸ್ತ ಜಯರಾಮಯ್ಯ ಚಿಕ್ಕಬಳ್ಳಾಪುರದ ಕಡೆಯವನು, ಮೂವತ್ತರ ಆಸುಪಾಸು, ನೆತ್ತಿಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದವನು. ಕ್ಯಾಂಟೀನಿನಿಂದ ಚಹಾ ತರಿಸಿದ, ಕುರ್ಚಿಯ ಧೂಳು ಒರೆಸಿದ.

"ಕೂತ್ಕೊಳ್ರಿ ಅಕ್ಕ. ಪಾಪ, ಆ ಯಮ್ಮ ನನ್ನ ಹೆಂಡ್ತಿ ಬಾಣಂತನದಾಗೆ ತಾಯಿ ನೋಡ್ದಂಗೆ ನೋಡಿದ್ರು. ಕಲ್ಲುಸಕ್ಕರೆ ಕೊಟ್ಟು ಬಂದಿದ್ದೆ. ಇಂಥೋರ ಬಾಯಿಗೆ ಹುಳ ಬೀಳ," ಎಂದ. ಫೋನಿರುವ ವಿಭಾಗಗಳ ಅರವತ್ತಮೂರು ಜನರ ಹಾಜರಿಯನ್ನು ಒಂದೊಂದಾಗಿ ಓದಿ ಹೇಳಿದ. ಎಲ್ಲಿಯೂ ತಡವರಿಸಲಿಲ್ಲ.

ಅಕ್ಕಯಮ್ಮ ಬೆಂಗಳೂರಿನ ತರಬೇತಿಯಲ್ಲಿ ಒಂದು ವಿಧಾನ ನೋಡಿದ್ದರು. ಸಾವಿರಾರು ಚೀಟಿಗಳಲ್ಲಿ ಬೇಕಾದದ್ದನ್ನು ಹುಡುಕಲು ಚೀಟಿಗಳ ಅಂಚಿಗೆ ತೂತು ಹಾಕಿ, ಕಡ್ಡಿ ತೂರಿಸಿ, ಎತ್ತಿ ಅಲುಗಿಸುವುದು. ಶನಿವಾರ ಬೆಳಿಗ್ಗೆ ಅವರು ಮನೆಯ ಜಗಲಿಯಲ್ಲಿ ಕೂತು ರಟ್ಟು ಕತ್ತರಿಸಿ ಅರವತ್ತಮೂರು ಕಾರ್ಡು ಮಾಡಿದರು, ಒಬ್ಬೊಬ್ಬರಿಗೆ ಒಂದು. ಪ್ರತಿ ಕಾರ್ಡಿನ ಮೇಲಂಚಿನಲ್ಲಿ ಹನ್ನೊಂದು ತೂತು; ಒಂದೊಂದು ಕರೆಗೆ ಒಂದೊಂದು. ಆ ಕರೆ ಬಂದ ಹೊತ್ತಿನಲ್ಲಿ ಆ ಮನುಷ್ಯ ಕಾರ್ಖಾನೆಯಲ್ಲಿದ್ದರೆ ತೂತು ಹಾಗೇ ಇರಲಿ. ಇಲ್ಲದಿದ್ದರೆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಬಿಡಬೇಕು.

"ಏನೇ ಇದು, ಇಸ್ಪೀಟಾ?" ಎಂದರು ಚಿಕ್ಕತಾಯಮ್ಮ. "ವಯಸ್ಸಾದ ಕಾಲಕ್ಕೆ ಸೊಸೆ ಜೂಜು ಕಲಿತ್ಲು."

"ಜೂಜಲ್ಲ ಅತ್ತೆ. ಲೆಕ್ಕ."

"ನನ್ನ ಸ್ವೆಟರ್ ಕಡ್ಡಿ ಎಲ್ಲೋಯ್ತು ಅಂದ್ರೆ ಈ ಲೆಕ್ಕಕ್ಕೆ ಬಂತಾ!"

ಅಕ್ಕಯಮ್ಮ ಹೆಣಿಗೆಯ ಉಕ್ಕಿನ ಕಡ್ಡಿಯನ್ನು ಮೊದಲ ತೂತಿನ ಸಾಲಿಗೆ ತೂರಿಸಿ ಎತ್ತಿದರು. ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಇಲ್ಲದವರ ಕಾರ್ಡುಗಳು ಜಾರಿ ಚಾಪೆಗೆ ಬಿದ್ದವು. ಇದ್ದವರದು ಕಡ್ಡಿಯಲ್ಲಿ ತೂಗಿದವು. ಉಳಿದವನ್ನು ಎರಡನೆಯ ಸಾಲಿಗೆ, ಮೂರನೆಯ ಸಾಲಿಗೆ. ಮೂವತ್ತೆಂಟಾದವು, ಹತ್ತೊಂಬತ್ತು, ಎಂಟು. ಚಿಕ್ಕತಾಯಮ್ಮನ ಬೈಗುಳವೂ ನಿಂತಿತು. ಹತ್ತನೆಯ ಸಾಲಿಗೆ ಎರಡು. ಹನ್ನೊಂದನೆಯದಕ್ಕೆ ಕಡ್ಡಿ ಎತ್ತಿದಾಗ ಒಂದು ಬಿತ್ತು, ಒಂದು ಉಳಿಯಿತು.

ಅಂಜನಪ್ಪ, ಟೂಲ್ ರೂಮಿನ ಸಹಾಯಕ. ಡೆಂಕಣಿಕೋಟೆ ಆಚೆಯ ಕಾಡಂಚಿನ ಊರಿನವನು.

ಸೋಮವಾರ ಅಕ್ಕಯಮ್ಮ ಆ ಹೆಸರನ್ನು ಮ್ಯಾನೇಜರಿಗೆ ಕೊಟ್ಟರು. ಕೊಡುವಾಗ ಅವರ ಧ್ವನಿ ಅಲುಗಲಿಲ್ಲ; ಲೆಕ್ಕವನ್ನು ಎರಡು ಸಲ ಮಾಡಿ ನೋಡಿದ್ದರು. ಅಂದೇ ಅಂಜನಪ್ಪನನ್ನು ಗೇಟಿನ ಹೊರಗೆ ನಿಲ್ಲಿಸಿದರು. ಅವನು ಮಾಡಿಲ್ಲ ಎಂದನಂತೆ. ಹಾಗಾದರೆ ಆ ದಿನಗಳಲ್ಲಿ ಎಲ್ಲಿದ್ದೆ ಎಂದರೆ ಬಾಯಿ ಬಿಡಲಿಲ್ಲವಂತೆ. ತಪ್ಪು ಮಾಡಿದವನಲ್ಲದೆ ಮತ್ತಾರು ಹಾಗೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದರು ಎಲ್ಲರೂ. ಕರೆಗಳು ನಿಂತವು. ಇಂದ್ರಮ್ಮನ ಅಪ್ಪ ಬಂದು, ಮಗಳ ಮುಖ ನೋಡಿ, ಎಕ್ಸ್‌ಚೇಂಜಿಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟು ಊರಿಗೆ ಹೋದ. ಅಕ್ಕಯಮ್ಮ ಅರವತ್ತಮೂರು ಕಾರ್ಡನ್ನೂ ಹಳೆಯ ಸೀರೆಯಂಚಿನಿಂದ ಕಟ್ಟಿ ಪೆಟ್ಟಿಗೆಯಲ್ಲಿಟ್ಟರು.

ಹನ್ನೊಂದು ದಿನ ಕಳೆದವು. ಡಿಸೆಂಬರ್ ಒಂದು, ಶುಕ್ರವಾರ. ಎಕ್ಸ್‌ಚೇಂಜಿನ ಮುಂದೆ ಒಬ್ಬ ಹೆಂಗಸು ಕೂಗಾಡುವುದು ಕೇಳಿ ನಾರಾಯಣಪ್ಪ ಎದ್ದರು. ಅಷ್ಟರಲ್ಲಿ ಅವಳು ಒಳಗೇ ಬಂದಿದ್ದಳು. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿದ್ದಳು. ರಾಗಿ ಕೊಯ್ಯುವ ಹೊಲದಿಂದ ನೇರ ಬಸ್ಸು ಹತ್ತಿದ್ದಿರಬೇಕು.

"ಯಾರಮ್ಮ ಇಲ್ಲಿ ಅಕ್ಕಯಮ್ಮ ಅನ್ನೋಳು?"

"ನಾನೇ."

"ನಾನು ಅಂಜನಪ್ಪನ ಹೆಂಡ್ತಿ, ಸಾಕಮ್ಮ. ನನ್ನ ಗಂಡ ಯಾವಳಿಗೋ ಫೋನ್ ಮಾಡಿದ ಅಂತ ಕಾರ್ಡು ಕತ್ರಿಸಿ ಹೇಳ್ದೋಳು ನೀನೇನಾ?"

"ಹನ್ನೊಂದು ಸಲವೂ ಕಾರ್ಖಾನೆಯಲ್ಲಿ ಇದ್ದವನು ಅವನೊಬ್ಬನೇ. ಅವನ ಕಾರ್ಡೇ ಹೇಳ್ತದೆ."

ಸಾಕಮ್ಮ ನಕ್ಕಳು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಕಾರ್ಡು ಒತ್ತಿದ್ದು ಯಾರ ಕೈ ಅಂತಾನೂ ಹೇಳ್ತದಾ ನಿನ್ನ ಕಾರ್ಡು? ಕಾರ್ತಿಕ ಮಾಸದಾಗೆ ನಮ್ಮ ಕಡೆ ಗಂಡಸರು ಯಾರು ಕಾರ್ಖಾನೆಗೆ ಹೋಗ್ತಾರಮ್ಮ? ರಾತ್ರಿಯೆಲ್ಲ ಅಟ್ಟಣೆ ಮ್ಯಾಲೆ ತಮಟೆ ಬಡಿದು ಆನೆ ಓಡಿಸ್ಬೇಕು, ಹಗಲು ಮುರಿದ ಬೇಲಿ ಕಟ್ಬೇಕು. ಒಬ್ಬರ ಕಾರ್ಡು ಇನ್ನೊಬ್ಬರು ಒತ್ತುತಾರೆ. ಇವತ್ತು ನಿಂಗೆ, ನಾಳೆ ನಂಗೆ. ಕಾರ್ಖಾನೆ ಗೋಡೆಗೂ ಗೊತ್ತು ಇದು. ನಿಂಗೆ ಗೊತ್ತಿಲ್ಲ."

"ಹಾಗಂತ ಅವನು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಒತ್ತಿಕೊಟ್ಟ ಆರು ಜನರ ಕೆಲ್ಸ ಹೋಗ್ತದೆ. ಅದುಕ್ಕೆ ಮೂಗನಂಗೆ ಕುಂತವ್ನೆ. ಊರಾಗೆ ನನ್ನ ಮಗಳನ್ನ ಸ್ಕೂಲಲ್ಲಿ ಆಡ್ಕೊಂತವ್ರೆ." ಸಾಕಮ್ಮ ಸೆರಗಿನ ಗಂಟು ಬಿಚ್ಚಿ ಮಡಿಸಿದ ಒಂದು ಚೀಟಿ ತೆಗೆದು ಬೋರ್ಡಿನ ಮೇಲೆ ಇಟ್ಟಳು. "ಓದು. ಓದಕ್ಕೆ ಬರ್ತದಲ್ಲ ನಿಂಗೆ."

ಅದು ಅರಣ್ಯ ಇಲಾಖೆಯ ರಸೀದಿ. ಆನೆ ತುಳಿದ ರಾಗಿ ಹೊಲದ ಪರಿಶೀಲನೆ; ನವೆಂಬರ್ ಎಂಟು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ; ಹೊಲದವ ಅಂಜನಪ್ಪನ ಹೆಬ್ಬೆಟ್ಟು, ಇಲಾಖೆಯ ಮೊಹರು. ಅಕ್ಕಯಮ್ಮನವರಿಗೆ ತಮ್ಮ ಪಟ್ಟಿ ನೋಡುವ ಅಗತ್ಯವಿರಲಿಲ್ಲ. ಏಳನೆಯ ಕರೆ: ನವೆಂಬರ್ ಎಂಟು, ಹನ್ನೊಂದು ಗಂಟೆ ಹದಿನೈದು ನಿಮಿಷ.

ಬೋರ್ಡಿನಲ್ಲಿ ಮೂರು ದೀಪ ಹತ್ತಿದ್ದವು. ಅಕ್ಕಯಮ್ಮ ಅವನ್ನು ನೋಡುತ್ತಿದ್ದರು, ಪ್ಲಗ್ಗು ಎತ್ತಿಕೊಳ್ಳಲಿಲ್ಲ. ನಾರಾಯಣಪ್ಪ ಬಂದು ಅವರ ಜಾಗದಲ್ಲಿ ಕೂತರು.

"ಈ ಚೀಟಿ ಒಂದೆರಡು ದಿನ ನನ್ನ ಹತ್ತಿರ ಇರಲಿ, ಸಾಕಮ್ಮ," ಎಂದರು ಅಕ್ಕಯಮ್ಮ.

"ಇಟ್ಕೋ. ಕಳೆದು ಹಾಕಿದ್ರೆ ಮತ್ತೆ ಬತ್ತೀನಿ, ಕುಡುಗೋಲು ಸೊಂಟದಲ್ಲಿರಾಕಿಲ್ಲ."

ಮನೆಗೆ ಹೋಗಿ ಅಕ್ಕಯಮ್ಮ ಅಂಜನಪ್ಪನ ಕಾರ್ಡಿನ ಏಳನೆಯ ತೂತನ್ನು ಕತ್ತರಿಸಿದರು. ಕಟ್ಟನ್ನೆಲ್ಲ ಜೋಡಿಸಿ ಮತ್ತೆ ಮೊದಲಿಂದ ಕಡ್ಡಿ ತೂರಿಸಿದರು. ಹನ್ನೊಂದನೆಯ ಸಲ ಎತ್ತಿದಾಗ ಕೈಯಲ್ಲಿ ಬರಿಯ ಕಡ್ಡಿ ಇತ್ತು.

ಆ ಬರಿಯ ಕಡ್ಡಿಯನ್ನು ಹಿಡಿದೇ ಅವರು ಲೆಕ್ಕವನ್ನು ಮತ್ತೆ ಮೊದಲಿಂದ ಯೋಚಿಸಿದರು. ಬೇರೆ ಕಾರ್ಡುಗಳಲ್ಲೂ ಸುಳ್ಳು ಇದ್ದಿರಬಹುದು. ಆದರೆ ಆ ಸುಳ್ಳೆಲ್ಲ ಒಂದೇ ಕಡೆಗೆ ವಾಲುತ್ತದೆ. ಬಾರದವನನ್ನು ಬಂದ ಎಂದು ಒತ್ತುತ್ತಾರೆ. ಬಂದವನನ್ನು ಬಾರದವನೆಂದು ಯಾರೂ ಒತ್ತುವುದಿಲ್ಲ. ಹಾಗಾದರೆ ಬಿದ್ದ ಕಾರ್ಡು ಬಿದ್ದದ್ದೇ. ಅರವತ್ತಮೂರು ಜನರಲ್ಲಿ ಯಾರೂ ಅವನಲ್ಲ. ಅವನು ಈ ಕಟ್ಟಿನಲ್ಲೇ ಇಲ್ಲ.

"ಅತ್ತೆ," ಎಂದರು, "ಗಡಿಯಾರ ಕಾಯೋನು ತನ್ನ ಕಾರ್ಡು ಎಲ್ಲಿ ಒತ್ತುತಾನೆ?"

"ನಂಗೇನೇ ಗೊತ್ತು? ಪಂಕ್ತಿಗೆ ಬಡಿಸೋನು ಎಲೆ ಎಣಿಸುವಾಗ ತನ್ನ ಎಲೆ ಎಣಿಸ್ತಾನಾ?"

ಅಕ್ಕಯಮ್ಮ ಅತ್ತೆಯ ಮುಖವನ್ನೇ ನೋಡಿದರು.

ಇಲ್ಲಿ ಅವರಿಗೆ ಒಂದು ಸುಲಭದ ದಾರಿ ಇತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಕರೆಗಳು ನಿಂತಿದ್ದವು. ಇಂದ್ರಮ್ಮ ನಗುತ್ತಿದ್ದಳು, ಅವಳ ಅಪ್ಪನ ಗಡುವು ದಾಟಿತ್ತು. ಎಲ್ಲೋ ಕಾಡಂಚಿನಲ್ಲಿ ಒಬ್ಬ ಮನುಷ್ಯನ ಮಾನ ಹೋಗಿತ್ತು, ಅಷ್ಟೇ. ಅಕ್ಕಯಮ್ಮ ಮರುದಿನವೇ ಆಸ್ಪತ್ರೆಗೆ ನಡೆದರು.

ಇಂದ್ರಮ್ಮ ಹತ್ತಿಬಟ್ಟೆ ಮಡಿಸುತ್ತಿದ್ದಳು.

"ಅವನು ಅಂಜನಪ್ಪ ಅಲ್ಲ ಕಣೆ. ತಪ್ಪು ನನ್ನದು."

ಮಡಿಸುವ ಕೈ ನಿಂತಿತು. "ಹಂಗಾದ್ರೆ ಅವ್ನು ಇನ್ನೂ ಅಲ್ಲೇ ಅವ್ನೆ."

"ಅವ್ನೆ. ಇನ್ನೊಬ್ಬನ ಹೆಸರಿನ ಹಿಂದೆ ಅವಿತು ಕೂತವ್ನೆ. ಅಂಜನಪ್ಪನ್ನ ವಾಪಸ್ ಕೆಲಸಕ್ಕೆ ಕರೆಸಿದ್ರೆ, ಮಾಡಿದ್ದೆಲ್ಲ ಅವನ ತಲೆ ಮ್ಯಾಲೇ ಹೋಗ್ತದೆ ಅಂತ ಧೈರ್ಯ ಬಂದು ಮತ್ತೆ ಫೋನ್ ಮಾಡ್ತಾನೆ. ಆವಾಗ ಹಿಡೀಬಹುದು. ಆದ್ರೆ ಆ ಮಾತು ಕೇಳ್ಬೇಕಾದೋಳು ನೀನು."

"ನಾನು ಆಗಾಕಿಲ್ಲ ಅಂದ್ರೆ?"

"ಆಗಾಕಿಲ್ಲ ಅಂದ್ರೆ ಇಲ್ಲ. ಬೇರೆ ದಾರಿ ನೋಡ್ತೀನಿ. ಅಂಜನಪ್ಪನ ಹೆಸರಂತೂ ನಾನು ವಾಪಸ್ ತಗೋತೀನಿ. ಅದು ನಿನ್ನ ಮ್ಯಾಲಿಲ್ಲ."

ಇಂದ್ರಮ್ಮ ಬಟ್ಟೆಯನ್ನು ಮತ್ತೆ ಮಡಿಸಿದಳು, ಅಂಚಿಗೆ ಅಂಚು ಕೂಡಿಸಿದಳು, ಡಬ್ಬಿಯಲ್ಲಿಟ್ಟು ಮುಚ್ಚಿದಳು. "ಎಷ್ಟು ಹೊತ್ತು ಮಾತಾಡಿಸ್ಬೇಕಕ್ಕ?"

"ಎರಡು ನಿಮಿಷ."

"ಅಪ್ಪನಿಗೆ ಹೇಳ್ಬ್ಯಾಡ್ರಿ. ಹೇಳಿದ್ರೆ ನಾಳೆ ಬಸ್ಸಿಗೇ ಬಂದ್ಬುಡ್ತಾನೆ."

ಭಾನುವಾರ ಮ್ಯಾನೇಜರನ್ನು ಎಕ್ಸ್‌ಚೇಂಜಿಗೇ ಕರೆಸಿದರು. ಕಾರ್ಖಾನೆಗೆ ಹೋದರೆ ಗೇಟಿನ ಪಕ್ಕದ ಕಿಟಕಿಗೆ ಕಾಣುತ್ತದೆ. ಕಾರ್ಡು ಒತ್ತದವರು ಬಂದ ಹೋದ ಹೊತ್ತನ್ನು ಗೇಟಿನ ಕಾವಲುಗಾರ ಬರೆದಿಡುವ ಪುಸ್ತಕವನ್ನು ಆತ ತಂದಿದ್ದ. ಗಡಿಯಾರದಲ್ಲಿ ಕಾರ್ಡು ಒತ್ತದೆ ರಿಜಿಸ್ಟರಿನಲ್ಲಿ ಸಹಿ ಮಾಡುವವರು ಕಾರ್ಖಾನೆಯಲ್ಲಿ ಏಳೇ ಜನ. ಅಕ್ಕಯಮ್ಮ ಏಳು ಕಾರ್ಡು ಮಾಡಿದರು. ಮೇಲಿನ ಕಾರ್ಡಿನ ಹೆಸರು ಓದಿ ಆತ ಹುಬ್ಬೇರಿಸಿದ.

"ಇದು ನನ್ನ ಹೆಸರು."

"ನಿಮ್ಮದೂ ಒಂದು ಇರಬೇಕು ಸಾರ್. ಹೋದ ಸಲ ಕೆಲವರನ್ನ ಬಿಟ್ಟು ಎಣಿಸಿದ್ದಕ್ಕೇ ಈ ಪಾಡು."

ನಾರಾಯಣಪ್ಪ ಕೆಮ್ಮಿದರು. ಎರಡನೆಯ ಸಾಲಿಗೆ ಮ್ಯಾನೇಜರನ ಕಾರ್ಡು ಬಿತ್ತು. ಆ ದಿನ ಆತ ಮದರಾಸಿನಲ್ಲಿದ್ದ. ಬಿದ್ದದ್ದನ್ನು ಕಂಡು ಆತ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಕೊನೆಗೆ ಕಡ್ಡಿಯ ಮೇಲೆ ಉಳಿದದ್ದು ಒಂದು ಹೆಸರು: ಜಯರಾಮಯ್ಯ.

"ನಾಳೆಯೇ ಕಿತ್ತು ಹಾಕುತ್ತೇನೆ," ಎಂದು ಮ್ಯಾನೇಜರ್ ಎದ್ದ.

"ಬೇಡ ಸಾರ್. ನಾನು ಒಂದು ಸಲ ನಿಮಗೆ ಹೆಸರು ಕೊಟ್ಟೆ. ಅದರ ಗತಿ ನೋಡಿದ್ರಲ್ಲ. ಇದು ಹೆಸರಲ್ಲ, ಬಾಗಿಲು. ಯಾವ ಬಾಗಿಲು ತಟ್ಟಲಿ ಅಂತ ಕೇಳಿದ್ರಿ. ಇದನ್ನ ತಟ್ಟಿ. ನಾನು ಹೇಳಿದಾಗ ತಟ್ಟಿ. ಕಣ್ಣಾರೆ ಕಂಡ ಮೇಲೆ ಏನಾದ್ರೂ ಮಾಡಿ."

ಸೋಮವಾರ ಅಂಜನಪ್ಪ ಕೆಲಸಕ್ಕೆ ಬಂದ. ವಿಚಾರಣೆ ಮುಗಿದಿಲ್ಲ, ಸದ್ಯಕ್ಕೆ ಬಾ ಎಂದಷ್ಟೇ ಅವನಿಗೆ ಹೇಳಿದ್ದರು. ಅವನು ನಿರ್ದೋಷಿ ಎಂದು ಈ ನಾಲ್ಕು ಜನಕ್ಕೆ ಖಾತ್ರಿಯಾಗಿತ್ತು, ಹಾಗೆ ಖಾತ್ರಿಯಾದದ್ದು ಅವನಿಗೆ ಗೊತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಹಾಗೆ ಇರಬೇಕು ಎಂದು ತೀರ್ಮಾನಿಸಿದವರು ಅಕ್ಕಯಮ್ಮ.

ಸೋಮವಾರ ಕರೆ ಬರಲಿಲ್ಲ. ಮಂಗಳವಾರ ಕಾರ್ಖಾನೆಯಿಂದ ಎಂಬತ್ತನಾಲ್ಕಕ್ಕೆ ಒಂದು ಕರೆ ಬಂತು. ಅಕ್ಕಯಮ್ಮನವರ ಬೆರಳು ಮ್ಯಾನೇಜರನ ಲೈನಿನ ಹತ್ತಿರ ಹೋಗಿ ನಿಂತಿತು. ದೀಪ ಮಿಟುಕಲಿಲ್ಲ. ಯಾರದೋ ಹೆಂಡತಿಗೆ ಗಂಡು ಮಗು. ಬುಧವಾರವೂ ಇಲ್ಲ. ಅಕ್ಕಯಮ್ಮ ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ದರು. ಚಿಕ್ಕತಾಯಮ್ಮ ಡಬ್ಬಿಯ ತೂಕ ನೋಡಿದರು, ಅಂದು ಬೈಯಲಿಲ್ಲ.

ಗುರುವಾರ, ಡಿಸೆಂಬರ್ ಏಳು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾರ್ಖಾನೆಯ ಮೂರನೆಯ ಲೈನಿನ ದೀಪ ಹತ್ತಿತು.

"ನಂಬರ್?"

"ಎಣ್ಬತ್ತಿ ನಾಲು."

ಅಕ್ಕಯಮ್ಮ ಪ್ಲಗ್ಗು ಚುಚ್ಚಿದರು, ಗಂಟೆ ಬಾರಿಸಿದರು, ನಡುವಿನ ಮಾತು ತಮಗೆ ಕೇಳಿಸುವ ಕಿವಿಯ ಕೀಲಿಯನ್ನು ಮುಚ್ಚಿದರು. ಆಸ್ಪತ್ರೆಯ ರಿಸೀವರ್ ಎತ್ತಿದ ಗುರುತಾಗಿ ಪ್ಲಗ್ಗಿನ ದೀಪ ಆರಿತು; ಜೋಡಿಸಿದ ಕರೆಯಲ್ಲಿ ರಿಸೀವರ್ ಎತ್ತಿದರೆ ಆ ದೀಪ ಆರುತ್ತದೆ, ಇಟ್ಟರೆ ಹತ್ತುತ್ತದೆ. ಒಂದು ಉಸಿರು. ಎರಡು ಉಸಿರು. ದೀಪ ಮಿಟುಕಿತು, ಮತ್ತೆ ಮಿಟುಕಿತು.

ಅಕ್ಕಯಮ್ಮ ಕಾರ್ಖಾನೆಯ ಒಂದನೆಯ ಲೈನಿಗೆ ಗಂಟೆ ಕೊಟ್ಟರು. ಭಾನುವಾರದ ಮಾತಿನ ಮೇಲೆ ಆತ ಆ ಲೈನನ್ನು ತನ್ನ ಮೇಜಿಗೇ ಕಟ್ಟಿಸಿ ಬಿಡುವಾಗಿ ಇಟ್ಟಿದ್ದ.

"ಈಗ, ಸಾರ್," ಎಂದರು. ಆತ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು, ಕುರ್ಚಿ ಸರಿದ ಸದ್ದು.

ಇನ್ನು ಅವರ ಕೈಯಲ್ಲಿ ಏನೂ ಇರಲಿಲ್ಲ. ಮ್ಯಾನೇಜರನ ಕೋಣೆಯಿಂದ ಗೇಟಿಗೆ ನೂರ ನಲವತ್ತು ಹೆಜ್ಜೆ. ಭಾನುವಾರ ಕೇಳಿ ತಿಳಿದಿದ್ದರು. ಗೋಡೆಯ ಗಡಿಯಾರದ ಮುಳ್ಳು ನಡೆಯುವುದನ್ನು ನೋಡಿದರು. ಮೂರನೆಯ ಲೈನಿನ ಮೇಲೆ ಕಿವಿಯ ಕೀಲಿ ಬೆರಳಿನ ಅಡಿಯಲ್ಲೇ ಇತ್ತು. ತೆರೆದರೆ ಆ ಹುಡುಗಿ ಒಬ್ಬಳೇ ಕೇಳಿಸಿಕೊಳ್ಳುತ್ತಿದ್ದುದನ್ನು ತಾವೂ ಕೇಳಬಹುದಿತ್ತು. ನಾರಾಯಣಪ್ಪ ಪಕ್ಕದಲ್ಲಿ ನಿಂತಿದ್ದರು. "ತೆಗೀರಿ ಅಕ್ಕಯಮ್ಮನೋರೇ, ಇವತ್ತೊಂದಿನ ನಾನು ನೋಡ್ಲಿಲ್ಲ ಅಂದ್ಕೋತೀನಿ," ಎಂದರು.

"ಕೇಳಿಸ್ಕೊಳ್ಳಿ ಅಂತ ಅವಳು ಹೇಳಿಲ್ಲ ಸಾರ್," ಎಂದರು ಅಕ್ಕಯಮ್ಮ, ಕೀಲಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಅರವತ್ತು ಸೆಕೆಂಡು. ತೊಂಬತ್ತು. ನೂರ ಹತ್ತು. ಕಾರ್ಖಾನೆಯ ಕಡೆಯ ದೀಪ ಹತ್ತಿದರೆ ಅವನು ಇಟ್ಟ ಎಂದು ಅರ್ಥ. ಹತ್ತಲಿಲ್ಲ. ಆಸ್ಪತ್ರೆಯ ಕಡೆಯ ದೀಪ ಹತ್ತಿದರೆ ಇಂದ್ರಮ್ಮ ಸೋತಳು ಎಂದು ಅರ್ಥ. ಅದೂ ಹತ್ತಲಿಲ್ಲ. ಎರಡು ನಿಮಿಷ ದಾಟಿತು. ನಾರಾಯಣಪ್ಪ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದರು.

ಆಮೇಲೆ ಮೂರನೆಯ ಲೈನಿನ ದೀಪ ಮಿಟುಕತೊಡಗಿತು. ಯಾರೋ ಕಾರ್ಖಾನೆಯ ಕಡೆಯಿಂದ ಕೊಕ್ಕೆಯನ್ನು ಒತ್ತೊತ್ತಿ ಆಪರೇಟರನ್ನು ಕರೆಯುತ್ತಿದ್ದರು. ಅಕ್ಕಯಮ್ಮ ಕೀಲಿ ತೆರೆದರು.

"ಅಮ್ಮಾ," ಎಂದಿತು ಮ್ಯಾನೇಜರನ ಧ್ವನಿ, ಏದುಸಿರು ಬಿಡುತ್ತಾ. "ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕಾವಲುಗಾರ ಭುಜ ಕೊಟ್ಟು ತೆಗೆದ. ಟವೆಲು ಇನ್ನೂ ಅವನ ಕೈಯಲ್ಲೇ ಇದೆ."

ಅದೇ ಲೈನಿನ ಇನ್ನೊಂದು ತುದಿಯಿಂದ ಇಂದ್ರಮ್ಮನ ಧ್ವನಿ ಬಂತು: "ಅಕ್ಕ, ನಾನಿನ್ನ ಇಡ್ಲಾ? ಒಳಗೆ ಹೆರಿಗೆ ನೋವು ಬಂದೈತೆ ಒಬ್ಬರಿಗೆ."

"ಇಡು ತಾಯಿ," ಎಂದರು ಅಕ್ಕಯಮ್ಮ.

ಜಯರಾಮಯ್ಯ ಕೆಲಸ ಕಳೆದುಕೊಂಡ. ಈ ಸಲ ಇಂದ್ರಮ್ಮನೇ ಠಾಣೆಗೆ ಹೋಗಿ ದೂರು ಬರೆದುಕೊಟ್ಟಳು. ಅಪ್ಪನಿಗೆ ಆಮೇಲೆ ಹೇಳಿದಳು. ಒಬ್ಬರ ಕಾರ್ಡು ಇನ್ನೊಬ್ಬರು ಒತ್ತಿದ್ದಕ್ಕೆ ಯಾರನ್ನೂ ತೆಗೆಯಬಾರದೆಂದು ಅಕ್ಕಯಮ್ಮ ಹಟ ಹಿಡಿದರು. ಮ್ಯಾನೇಜರ್ ಎಲ್ಲರ ಮುಂದೆ ಅಂಜನಪ್ಪನ ಕ್ಷಮೆ ಕೇಳಿ, ಮುಂದಿನ ವರ್ಷದಿಂದ ರಾಗಿ ಕೊಯ್ಲಿಗೆ ಆ ಕಡೆಯವರಿಗೆ ರಜೆ ಬರೆದುಕೊಡುವ ಏರ್ಪಾಡು ಮಾಡಿದ.

ಮುಂದಿನ ಭಾನುವಾರ ಅಕ್ಕಯಮ್ಮ ಡೆಂಕಣಿಕೋಟೆಗೆ ಬಸ್ಸು ಹತ್ತಿ, ಅಲ್ಲಿಂದ ನಡೆದು ಅಂಜನಪ್ಪನ ಮನೆಗೆ ಹೋದರು. ಅರಣ್ಯ ಇಲಾಖೆಯ ರಸೀದಿಯನ್ನು ಸಾಕಮ್ಮನ ಕೈಗಿಟ್ಟರು. ಅಂಜನಪ್ಪ ಕಣದಲ್ಲಿ ರಾಗಿ ತೆನೆ ಹರಡುತ್ತಿದ್ದವನು ಏಳಲಿಲ್ಲ.

"ಮೊದಲನೇ ತಪ್ಪು ಗೊತ್ತಿಲ್ದೆ ಮಾಡಿದೆ," ಎಂದರು ಅಕ್ಕಯಮ್ಮ. "ಆಮೇಲಿನ ನಾಲ್ಕು ದಿನ ಗೊತ್ತಿದ್ದೇ ಮಾಡಿದೆ. ಎರಡಕ್ಕೂ ಬಂದಿದ್ದೀನಿ." ಅವನ ಹೆಸರಿನ ರಟ್ಟಿನ ಕಾರ್ಡನ್ನು ಕಣದ ಅಂಚಿನಲ್ಲಿಟ್ಟರು.

ಅಂಜನಪ್ಪ ಅದನ್ನು ಎತ್ತಿಕೊಂಡು ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಒಳಗೆ ಹೋಗಿ ಒಲೆಗೆ ಹಾಕಿ ಬಂದ. ಮತ್ತೆ ತೆನೆ ಹರಡತೊಡಗಿದ. ಅವರೊಡನೆ ಒಂದು ಮಾತೂ ಆಡಲಿಲ್ಲ. ಮುಂದೆ ಹೊಸೂರಿನ ಬಸ್ ನಿಲ್ದಾಣದಲ್ಲಿ ಎದುರಾದಾಗಲೂ ಆಡಲಿಲ್ಲ. ಸಾಕಮ್ಮ ಮಾತ್ರ ಊರ ಹೊರಗಿನ ದಾರಿಯವರೆಗೆ ಬಂದು, "ಕತ್ತಲಾಗೋ ಮುಂಚೆ ಬಸ್ಸು ಹಿಡೀರಿ, ಆನೆ ಬತ್ತವೆ," ಎಂದಳು.

ಆ ಮೇಲಿನ ವರ್ಷಗಳಲ್ಲಿ ಇಂಥ ದೂರು ಹೊತ್ತು ಎಕ್ಸ್‌ಚೇಂಜಿಗೆ ಬಂದ ಹೆಂಗಸರಿಗೆಲ್ಲ ಅಕ್ಕಯಮ್ಮ ಒಂದೊಂದು ಕಟ್ಟು ಕಾರ್ಡು ಮಾಡಿದರು. ಮೊದಲು ದೂರಿನ ಪುಸ್ತಕದಲ್ಲಿ ಅವರ ಸಹಿ, ಆಮೇಲೆ ಕತ್ತರಿ. ಕೊನೆಯ ವರ್ಷಗಳಲ್ಲಿ ಬೋರ್ಡು ಹೋಗಿ ತಾನೇ ಜೋಡಿಸುವ ಯಂತ್ರ ಬಂತು. ಅಕ್ಕಯಮ್ಮನವರನ್ನು ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಯಂತ್ರ ಹಾಕಲು ಬಂದ ಎಂಜಿನಿಯರನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: ಯಾರು ಯಾವ ಹೊತ್ತಿಗೆ ಯಾರಿಗೆ ಮಾಡಿದರು ಎಂಬುದು ಇದಕ್ಕೆ ನೆನಪಿರುತ್ತದೆಯೇ, ಇದ್ದರೆ ಆ ನೆನಪಿನ ಬೀಗದ ಕೈ ಯಾರ ಹತ್ತಿರ? ಆತ ನಕ್ಕು, ಅಂಥ ಯಂತ್ರ ಮುಂದೆ ಬರುತ್ತದೆ ಅಮ್ಮಾ ಎಂದ. ಅಕ್ಕಯಮ್ಮ ನಗಲಿಲ್ಲ.

೧೯೮೯ರ ಮಾರ್ಚಿನಲ್ಲಿ, ಆಲಸನತ್ತಂ ರಸ್ತೆಯ ಅದೇ ಆಸ್ಪತ್ರೆಯ ಹೊರಕೋಣೆಯಲ್ಲಿ, ಹೆಡ್ ನರ್ಸ್ ಇಂದ್ರಮ್ಮ ಕೈ ಹಿಡಿದಿದ್ದಾಗ ಅವರು ತೀರಿಕೊಂಡರು. ಅವರು ಬಿಟ್ಟುಹೋದದ್ದು ಇಷ್ಟು:

ಗುಮ್ಮಳಾಪುರದ ತಮ್ಮನ ಮಕ್ಕಳಿಗೆ ಒಂದು ಹೊಲಿಗೆ ಯಂತ್ರ.

ಶ್ಯಾಮಣ್ಣನವರು ಕಂಬ ಹತ್ತುವಾಗ ಕಟ್ಟುತ್ತಿದ್ದ ಚರ್ಮದ ಬೆಲ್ಟು, ಎಣ್ಣೆ ಹಚ್ಚಿ ಮಡಿಸಿದ್ದು.

ಅತ್ತೆಗಾಗಿ ಹೆಣೆಯುತ್ತಿದ್ದ, ಒಂದು ತೋಳಿಲ್ಲದ ನೀಲಿ ಸ್ವೆಟರು.

ಉಕ್ಕಿನ ಹೆಣಿಗೆ ಕಡ್ಡಿ ಒಂದು, ಜೊತೆಯದು ಸಿಕ್ಕಿಲ್ಲ.

ಒಡೆದ ಕಿವಿಬಟ್ಟಲಿನ ಹಳೆಯ ಹೆಡ್‌ಫೋನು.

ಸೀರೆಯಂಚಿನಿಂದ ಕಟ್ಟಿದ ಹದಿನೇಳು ಕಟ್ಟು ಕಾರ್ಡುಗಳು. ಮೊದಲ ಕಟ್ಟಿನಲ್ಲಿ ಅರವತ್ತೆರಡು ಮಾತ್ರ.

ಆ ಕಟ್ಟಿನ ಮೇಲೆ, ಆ ಭಾನುವಾರ ಮಾಡಿದ ಏಳು ಕಾರ್ಡುಗಳ ಜೊತೆ, ಒಂದೂ ತೂತಿಲ್ಲದ ಎಂಟನೆಯ ಕಾರ್ಡು. ಅದರ ಮೇಲೆ ಅವರದೇ ಕೈಬರಹ: "ಕಡ್ಡಿ ತೂರಿಸುವ ಮೊದಲು ಕೇಳು. ಈ ಕಟ್ಟಿನಲ್ಲಿ ಯಾರಿಲ್ಲ? ಓದಿ ಹೇಳಿದವನು ಯಾರು?"